ಬ್ಯಾಂಕ್ ನೌಕರಿಯೇ ಗುತ್ತಿಗೆಯಾಗಿದ್ದ ಕಾಲ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಗದ್ದೆ ಕೊಯ್ಲು ಮುಗಿದರೆ ಟೆನ್ನಿಸ್ ಬಾಲ್ ಕ್ರಿಕೆಟ್ ಶುರು. ಚೆನ್ನಾಗಿ ಆಡುವ ಹುಡುಗನಿಗೆ ಮನೆಯವರು ಕೇಳುವುದು ಒಂದೇ ಪ್ರಶ್ನೆ: ‘ಇದರಿಂದ ಹೊಟ್ಟೆ ತುಂಬುತ್ತಾ?’ ನಾವೂ ಇದನ್ನು ಕೇಳಿಸಿಕೊಂಡೇ ಬೆಳೆದವರು.

ಒಂದು ಕಾಲಕ್ಕೆ ಇದಕ್ಕೆ ಉತ್ತರವಿತ್ತು. ನಮ್ಮದೇ ಜಿಲ್ಲೆಯ ಭದ್ರಾವತಿಯಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್ 1967ರಲ್ಲಿ ಮೈಸೂರು ಪರ ಮೊದಲ ರಣಜಿ ಪಂದ್ಯದಲ್ಲೇ 230 ರನ್ ಹೊಡೆದರು. ಮುಂದೆ ಅವರಿಗೆ ಸ್ಟೇಟ್ ಬ್ಯಾಂಕಿನಲ್ಲಿ ನೌಕರಿಯಾಯಿತು. 1973-74ರಲ್ಲಿ ಪ್ರಸನ್ನ ನಾಯಕತ್ವದ ಕರ್ನಾಟಕ ಮೊದಲ ಸಲ ರಣಜಿ ಗೆದ್ದಾಗಲೂ ಆಟದ ದುಡ್ಡನ್ನೇ ನಂಬಿ ಬದುಕುವ ಹಾಗಿರಲಿಲ್ಲ. ಬ್ಯಾಂಕು, ರೈಲ್ವೆ, ಸರ್ಕಾರಿ ಕಾರ್ಖಾನೆಗಳು ಆಟಗಾರರನ್ನು ಸಾಕಿದವು. ತಂಡದಿಂದ ಕೈಬಿಟ್ಟರೂ ತಿಂಗಳ ಸಂಬಳ ಬರುತ್ತಿತ್ತು.

ಈಗ ಹಣ ಹೆಚ್ಚಿದೆ. 2021ರಲ್ಲಿ ಬಿಸಿಸಿಐ ರಣಜಿ ಆಟಗಾರರಿಗೆ ಅನುಭವ ನೋಡಿ ದಿನಕ್ಕೆ 40 ಸಾವಿರದಿಂದ 60 ಸಾವಿರ ರೂಪಾಯಿ ನಿಗದಿ ಮಾಡಿತು. ಮೀಸಲು ಆಟಗಾರರಿಗೆ ಅದರಲ್ಲಿ ಅರ್ಧ. ಆದರೂ ಇದು ದಿನಗೂಲಿಯೇ. ತಂಡದಲ್ಲಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ದೇಶೀಯ ಆಟಗಾರರಿಗೆ ಗುತ್ತಿಗೆ ಕೊಡುವ ಮಾತನ್ನು ಸೌರವ್ ಗಂಗೂಲಿ 2019ರಲ್ಲಿ ಅಧ್ಯಕ್ಷರಾದಾಗಲೇ ಆಡಿದ್ದರು.

ಕೊಡುವುದಾದರೆ ಎಷ್ಟು ಜನರಿಗೆ? ರಣಜಿಯಲ್ಲಿ 38 ತಂಡ. ತಂಡಕ್ಕೆ 15 ಎಂದರೆ 570 ಜನ. ಆದರೆ ಅವರಿಗೆ ಹೇಗೂ ಪಂದ್ಯದ ಹಣ ಸಿಗುತ್ತದೆ. 25 ಎಂದರೆ 950. ಆ ಹೆಚ್ಚಿನ ಹತ್ತು ಜಾಗವೇ ಮುಖ್ಯ. ಗಾಯವಾಗಿ ಕೂತವನು, ಅವಕಾಶಕ್ಕೆ ಕಾಯುವವನು, ಶಿವಮೊಗ್ಗ ವಲಯದಿಂದ ಈಗಷ್ಟೇ ಮೇಲೆ ಬಂದವನು ಇರುವುದು ಅಲ್ಲಿಯೇ. ಬ್ಯಾಂಕ್ ನೌಕರಿ ಹಿಂದೆ ಆಟದಲ್ಲಿ ಉಳಿಸಿದ್ದು ಇಂಥವರನ್ನು. ಹಾಗಾಗಿ ನಮ್ಮ ಲೆಕ್ಕ 25.