ಬೆಂಕಿಯಿಂದಲೇ ಬದುಕುವ ಪೈನ್ ಕಾಡು

ಕಾಡಿಗೆ ಬೆಂಕಿ ಬಿತ್ತೆಂದರೆ ಆರಿಸಲು ಧಾವಿಸುವುದು ವಾಡಿಕೆ. ಆದರೆ ಅಮೆರಿಕದ ಆಗ್ನೇಯ ರಾಜ್ಯಗಳಲ್ಲಿ ಅರಣ್ಯ ಸಿಬ್ಬಂದಿಯೇ ಯೋಜನೆ ಹಾಕಿಕೊಂಡು ಪೈನ್ ಕಾಡುಗಳಿಗೆ ಬೆಂಕಿ ಇಡುತ್ತಾರೆ. ‘ನಿಯೋಜಿತ ದಹನ’ ಎನ್ನಲಾಗುವ ಈ ಕ್ರಮವಿಲ್ಲದೆ ಅಲ್ಲಿನ ಲಾಂಗ್‌ಲೀಫ್ ಪೈನ್ ಕಾಡು ಉಳಿಯಲಾರದು.

ವರ್ಜೀನಿಯಾದಿಂದ ಟೆಕ್ಸಾಸ್‌ವರೆಗೆ ಸುಮಾರು 9 ಕೋಟಿ ಎಕರೆಯಲ್ಲಿ ಹರಡಿದ್ದ ಈ ಕಾಡು 20ನೇ ಶತಮಾನದ ಅಂತ್ಯದ ಹೊತ್ತಿಗೆ ಸುಮಾರು 30 ಲಕ್ಷ ಎಕರೆಗೆ ಕುಸಿದಿತ್ತು. ಮರಗಳ ಕಡಿತ, ಬೇಸಾಯ ಇದಕ್ಕೆ ಕಾರಣ. ಬೆಂಕಿಯನ್ನು ಸಂಪೂರ್ಣ ತಡೆದದ್ದೂ ಅಷ್ಟೇ ದೊಡ್ಡ ಕಾರಣ.

ಈ ಮರದ ಬೀಜ ಮೊಳೆಯಲು ತರಗೆಲೆಯಿಲ್ಲದ ಬರಿಯ ಮಣ್ಣು ಬೇಕು. ಮೊಳೆತ ಸಸಿ ಕೆಲವು ವರ್ಷ ಹುಲ್ಲಿನ ಗಂಟಿನಂತೆ ನೆಲಕ್ಕೆ ಅಂಟಿಕೊಂಡು ತಾಯಿಬೇರನ್ನಷ್ಟೇ ಬೆಳೆಸುತ್ತದೆ. ಬೆಂಕಿ ಹಾದುಹೋದಾಗ ಹೊರಗಿನ ಸೂಜಿ ಎಲೆಗಳು ಸುಟ್ಟರೂ ನಡುವಿನ ಮೊಗ್ಗು ಬದುಕುತ್ತದೆ. ಎಲೆಗೆ ತಗಲಿದ ಕಂದುಚುಕ್ಕೆ ರೋಗವೂ ಬೂದಿಯಾಗುತ್ತದೆ. ಎರಡು-ಮೂರು ವರ್ಷಕ್ಕೊಮ್ಮೆ ಬೆಂಕಿ ಬೀಳದಿದ್ದರೆ ಓಕ್ ಮತ್ತಿತರ ಪೊದೆಗಳು ಮೇಲೆದ್ದು ಸಸಿಗೆ ಬಿಸಿಲು ತಪ್ಪಿಸುತ್ತವೆ. ಜೀವಂತ ಮುದಿ ಪೈನ್ ಮರದಲ್ಲೇ ಪೊಟರೆ ಕೊರೆಯುವ ರೆಡ್-ಕಾಕೇಡೆಡ್ ಮರಕುಟಿಗ, ಪೊದೆ ಪೊಟರೆಯೆತ್ತರಕ್ಕೆ ಬೆಳೆದೊಡನೆ ಗೂಡು ತೊರೆಯುತ್ತದೆ. 1970ರಲ್ಲಿ ಅಳಿವಿನಂಚಿನ ಪಟ್ಟಿ ಸೇರಿದ್ದ ಈ ಹಕ್ಕಿಯ ಸ್ಥಿತಿ ಸುಧಾರಿಸಿ, 2024ರಲ್ಲಿ ಒಂದು ಹಂತ ಕಡಿಮೆ ಅಪಾಯದ ವರ್ಗಕ್ಕೆ ಬಂದಿತು. ನಿಯೋಜಿತ ದಹನದ ಪಾಲು ಅದರಲ್ಲಿ ಸಣ್ಣದಲ್ಲ.

ಬೆಂಕಿ ಕಂಡ ಮರುದಿನ ಬೆಳಗ್ಗೆ 10 ಗಂಟೆಯೊಳಗೆ ಅದನ್ನು ಹತೋಟಿಗೆ ತರಬೇಕೆಂದು ಅಮೆರಿಕದ ಅರಣ್ಯ ಇಲಾಖೆ 1935ರಲ್ಲಿ ನಿಯಮ ಮಾಡಿತ್ತು. ಅದಕ್ಕೂ ಬಹಳ ಹಿಂದೆಯೇ ಮೂಲನಿವಾಸಿಗಳು ಈ ಕಾಡುಗಳನ್ನು ಸುಡುತ್ತಿದ್ದರು. ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ‘ತರಗು ಬೆಂಕಿ’ ಇಲ್ಲಿ ನೆನಪಾಗುತ್ತದೆ. ಅದು ಪೈನ್ ಕಾಡಲ್ಲವಾದ್ದರಿಂದ ಹೋಲಿಕೆಗೆ ಮಿತಿಯುಂಟು. ಆದರೆ ತರಗು ಬೆಂಕಿ ನಿಂತ ಮೇಲೆ ಲಂಟಾನ ಹಬ್ಬಿತೆಂಬ ಸೋಲಿಗರ ಮಾತನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ.

ಸುಡುವುದು ಕಂಡಷ್ಟು ಸುಲಭದ ಕೆಲಸವಲ್ಲ. ಗಾಳಿಯ ದಿಕ್ಕು, ತೇವಾಂಶ, ತರಗಿನ ಒಣಗು, ಹೊಗೆ ಸಾಗುವ ಹಾದಿ ಎಲ್ಲವನ್ನೂ ಮೊದಲೇ ಅಳೆಯುತ್ತಾರೆ. ಸುತ್ತ ಬೆಂಕಿ ರೇಖೆ ತೆಗೆದು, ಸಾಮಾನ್ಯವಾಗಿ ಗಾಳಿಗೆ ಎದುರಾಗಿ ನಿಧಾನವಾಗಿ ತೆವಳುವಂತೆ ಉರಿ ಹಚ್ಚುತ್ತಾರೆ. ಪ್ರಮಾಣಪತ್ರ ಪಡೆದವರು ಲಿಖಿತ ಯೋಜನೆ ಹಾಗೂ ಅನುಮತಿಯೊಂದಿಗೆ ಸುಟ್ಟರೆ ಫ್ಲಾರಿಡಾದಲ್ಲಿ 1990ರ ಕಾಯ್ದೆಯ ರಕ್ಷಣೆ ಇದೆ.

ಆದರೂ ಉರಿ ಕೈಮೀರಬಲ್ಲದು. ಪಶ್ಚಿಮದ ನ್ಯೂ ಮೆಕ್ಸಿಕೊದಲ್ಲಿ 2022ರ ಏಪ್ರಿಲ್ 6ರಂದು ಹಚ್ಚಿದ ನಿಯೋಜಿತ ಬೆಂಕಿ ಗಾಳಿಗೆ ಸಿಕ್ಕಿ ಗಡಿ ದಾಟಿತು. ಆ ಜನವರಿಯಲ್ಲಿ ಸುಟ್ಟಿದ್ದ ಕಟ್ಟಿಗೆ ರಾಶಿಯೊಂದರ ಕೆಂಡ ಹಿಮದಡಿ ಆರದೇ ಉಳಿದಿತ್ತು. ಅದರಿಂದ ಎದ್ದ ಮತ್ತೊಂದು ಉರಿಯೂ ಇದಕ್ಕೆ ಕೂಡಿಕೊಂಡಿತು. ಸುಮಾರು 3.4 ಲಕ್ಷ ಎಕರೆ ಬೆಂದು, ನೂರಾರು ಮನೆಗಳು ನಾಶವಾದವು. ಸುಡದೇ ಬಿಟ್ಟ ಕಾಡಿನಲ್ಲಿ ರಾಶಿಬೀಳುವ ತರಗೂ ಇಂಥದೇ ಅನಾಹುತ ತರಬಲ್ಲದು ಎಂಬ ತಜ್ಞರ ವಾದ ಸರಿಯೇ. ಮನೆ ಕಳೆದುಕೊಂಡವರಿಗೆ ಅದನ್ನು ಹೇಳುವುದು ಕಷ್ಟ. ಇಲಾಖೆಯು 90 ದಿನ ದೇಶದಾದ್ಯಂತ ನಿಯೋಜಿತ ದಹನ ನಿಲ್ಲಿಸಿ, ಪರಿಶೀಲನೆಯ ಬಳಿಕ ಪುನರಾರಂಭಿಸಿತು. ಹಿಂದಿನಂತೆ ಬಹು ಮುಂಚಿತವಾಗಿ ಕೊಟ್ಟ ಒಪ್ಪಿಗೆ ಸಾಲದು, ಪರಿಸ್ಥಿತಿ ನೋಡಿ 24 ಗಂಟೆಗಷ್ಟೇ ಅನ್ವಯಿಸುವ ಅನುಮತಿಯನ್ನು ಅಧಿಕಾರಿ ನೀಡಬೇಕು ಎಂಬುದು ಹೊಸ ಷರತ್ತುಗಳಲ್ಲಿ ಒಂದು.