ಸೂಚೀಗೃಹವೂ ಕವುದಿಯೂ: ಹಳೆಯ ಗೃಹೋಪಕರಣಗಳ ಸಂಗ್ರಹ ಮತ್ತು ಬಳಕೆ

ಪ್ರಾಚೀನ ವಸ್ತುಗಳ ಸಂಗ್ರಹವೆಂದೊಡನೆ ವಿದ್ವಾಂಸರ ಮನಸ್ಸು ಶಾಸನ, ನಾಣ್ಯ, ಓಲೆಗರಿಗಳ ಕಡೆಗೆ ಹರಿಯುವುದು ಸಹಜವೇ. ಸೂಜಿ, ರಾಟೆ, ಕವುದಿ, ಹಿತ್ತಾಳೆಯ ಪಾತ್ರೆ ಮೊದಲಾದವುಗಳಿಗೆ ಆ ಪಂಕ್ತಿಯಲ್ಲಿ ಎಲೆ ಹಾಕುವ ವಾಡಿಕೆಯಿಲ್ಲ. ಈಚೆಗೆ ಇಂತಹ ಸಾಮಾನುಗಳನ್ನು ಅಟ್ಟದಿಂದ ಇಳಿಸಿ, ಗುಜರಿಯವರಿಂದ ಬಿಡಿಸಿ ತಂದು, ಬರಿಯ ನೋಟಕ್ಕಿಡದೆ ನಿತ್ಯದ ಕೆಲಸಕ್ಕೆ ಹಚ್ಚುವವರು ಅಲ್ಲಲ್ಲಿ ಕಾಣಬರುತ್ತಿದ್ದಾರೆ. ಇದನ್ನು ಹೊಸಗಾಲದ ಖಯಾಲಿಯೆಂದು ತಳ್ಳಿಹಾಕುವುದು ಯುಕ್ತವಲ್ಲ. ಸಂಗ್ರಹಕ್ಕೂ ಬಳಕೆಗೂ ಇರುವ ಸಂಬಂಧದ ವಿಚಾರವು ಬಹು ಹಳೆಯದು. ಅದರಲ್ಲಿ ಸಾಹಿತ್ಯವನ್ನು ಪಾಠಹೇಳುವವರ ಹಿತವೂ ಸೇರಿದೆ.

ಪಾಲಿಯ ವಿನಯಪಿಟಕಕ್ಕೆ ಸೇರಿದ ಚುಲ್ಲವಗ್ಗದಲ್ಲಿ ಭಿಕ್ಷುಗಳ ಹೊಲಿಗೆಯ ಸಲಕರಣೆಗಳನ್ನು ಕುರಿತು ಸೊಗಸಾದ ಪ್ರಕರಣವೊಂದಿದೆ. ಅವರು ಮೊದಲು ಕೋಳಿಯ ಗರಿಯಿಂದಲೂ ಬಿದಿರಿನ ಸೀಳಿನಿಂದಲೂ ಚೀವರವನ್ನು ಹೊಲಿಯುತ್ತಿದ್ದರು. ಹೊಲಿಗೆಯು ನೆಟ್ಟಗೆ ಬಾರದಿರಲು ಸೂಜಿಗೆ ಅನುಮತಿ ದೊರೆಯಿತು. ಸೂಜಿಗೆ ತುಕ್ಕು ಹಿಡಿಯಲು ಅದನ್ನಿಡುವ ಕೊಳವೆ ಬಂದಿತು. ಕೊಳವೆಯಲ್ಲಿಯೂ ತುಕ್ಕು ಬಿಡದಿರಲು ಅದರೊಳಗೆ ಹಿಟ್ಟನ್ನು ತುಂಬಿದರು. ಆಮೇಲೆ ಕಲ್ಲಿನ ಪುಡಿಯನ್ನು, ಕಡೆಗೆ ಮೇಣವನ್ನು ಸೇರಿಸಿದರು. ಬೆರಳಿಗೆ ಸೂಜಿ ಚುಚ್ಚಿದುದರಿಂದ ಅಂಗುಸ್ತಾನವು ಬಂದಿತು. ಕೆಲವರು ಅದನ್ನು ಬೆಳ್ಳಿಬಂಗಾರಗಳಲ್ಲಿ ಇಟ್ಟುಕೊಳ್ಳಲು ಅದು ಮಾತ್ರ ನಿಷಿದ್ಧವಾಯಿತು. ಸೂಜಿ, ಅಲಗು, ಅಂಗುಸ್ತಾನಗಳು ಕಳೆದುಹೋಗುತ್ತಿರಲು ಅವೆಲ್ಲವನ್ನೂ ಒಟ್ಟಿಗಿಡುವ ಪಾತ್ರೆಯೊಂದೂ, ಅಲ್ಲಿ ಅವು ಗೋಜಲಾಗಲು ಅಂಗುಸ್ತಾನಕ್ಕೆಂದೇ ಒಂದು ಚೀಲವೂ ಬಂದವು. ಇಲ್ಲಿ ಒಂದೊಂದು ವಸ್ತುವೂ ಒಂದೊಂದು ಕೊರತೆಯ ಬೆನ್ನಿಗೆ ಹುಟ್ಟಿದೆಯೆಂಬುದು ಗಮನಾರ್ಹ.

ಇದೇ ಪಿಟಕದ ಪಾಚಿತ್ತಿಯ ನಿಯಮಗಳಲ್ಲಿ 86ನೆಯದು ಇದರ ಇನ್ನೊಂದು ಮುಖವನ್ನು ತೋರಿಸುತ್ತದೆ. ದಂತದ ಕೆಲಸಗಾರನೊಬ್ಬನು ಸೂಚೀಗೃಹ, ಎಂದರೆ ಸೂಜಿಯಿಡುವ ಕರಡಿಗೆ, ಬೇಕಾದವರಿಗೆ ಮಾಡಿಕೊಡುವೆನೆಂದು ಭಿಕ್ಷುಗಳಿಗೆ ಮಾತುಕೊಟ್ಟನು. ಚಿಕ್ಕದಿದ್ದವರು ದೊಡ್ಡದನ್ನು ಬೇಡಿದರು, ದೊಡ್ಡದಿದ್ದವರು ಚಿಕ್ಕದನ್ನು ಬೇಡಿದರು. ಕಡೆಗೆ ಆತನಿಗೆ ಮಾರಾಟದ ಮಾಲನ್ನು ಮಾಡಲು ಬಿಡುವಿಲ್ಲದೆ ಹೆಂಡಿರುಮಕ್ಕಳು ಬಳಲುವಂತಾಯಿತು. ಮೂಳೆ, ದಂತ, ಕೊಂಬುಗಳ ಕರಡಿಗೆಯನ್ನು ಮಾಡಿಸಿಕೊಂಡವನು ಅದನ್ನು ಒಡೆದುಹಾಕತಕ್ಕದ್ದೆಂಬ ವಿಧಿಯು ಹುಟ್ಟಿದುದು ಹೀಗೆ. ಸಂಗ್ರಹವು ಬಳಕೆಯ ಎಲ್ಲೆಯನ್ನು ದಾಟಿದರೆ ಕುಶಲಕರ್ಮಿಯ ಹೊಟ್ಟೆಯ ಮೇಲೆ ಹೊಡೆಯುತ್ತದೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳಿದ ಪ್ರಾಚೀನ ಪ್ರಕರಣವು ವಿರಳವೇ ಸರಿ.

ವೈದಿಕ ವಾಙ್ಮಯದಲ್ಲಿ ಸೂಜಿಗೆ ದೊರೆತ ಮನ್ನಣೆಯು ಏರುಪೇರಾಗಿದೆ. ಋಗ್ವೇದದ 2ನೆಯ ಮಂಡಲದಲ್ಲಿ ರಾಕಾದೇವಿಯು ಮುರಿಯದ ಸೂಜಿಯಿಂದ ಹೊಲಿಯಲೆಂಬ ಪ್ರಾರ್ಥನೆಯಿದೆ. ಸುಶ್ರುತಸಂಹಿತೆಯು ಗಾಯವನ್ನು ಹೊಲಿಯಲು ದುಂಡಾದುದು, ಮೂರಂಚಿನದು, ಬಿಲ್ಲಿನಂತೆ ಬಾಗಿದುದು ಎಂದು ಸೂಜಿಯನ್ನು ಮೂರು ಬಗೆಯಾಗಿ ವಿಂಗಡಿಸಿದೆ. ಆದರೆ ಮನುಸ್ಮೃತಿಯ 4ನೆಯ ಅಧ್ಯಾಯವು ಯಾರ ಅನ್ನವನ್ನು ಉಣಲಾಗದೆಂಬ ಪಟ್ಟಿಯಲ್ಲಿ ನಟನೊಡನೆ ತುನ್ನವಾಯನನ್ನೂ, ಎಂದರೆ ಹರಿದುದನ್ನು ಹೊಲಿದುಕೊಡುವವನನ್ನೂ, ಎಣಿಸಿದೆ. ದೇವಿಯ ಕೈಯಲ್ಲಿ ಪೂಜ್ಯವಾದ ಸಾಧನವು ಮನುಷ್ಯನ ಕೈಗೆ ಬಂದೊಡನೆ ಕೀಳಾದುದು ವಿಚಿತ್ರ. ಕನ್ನಡದ ಶರಣರಲ್ಲಿ ಈ ಲೆಕ್ಕವೇ ತಿರುಗುಮುರುಗಾಯಿತು. ಸೂಜಿಕಾಯಕದ ರಾಮಿತಂದೆ, ಕೊಟ್ಟಣದ ಸೋಮಮ್ಮ, ಕದಿರ ರೆಮ್ಮವ್ವೆ ಎಂಬ ಹೆಸರುಗಳಲ್ಲಿ ಮನೆಯ ಉಪಕರಣಗಳೂ ಮನೆಗೆಲಸಗಳೂ ಬಿರುದುಗಳಂತೆ ನಿಂತಿವೆ.

ರೆಮ್ಮವ್ವೆಯ ಮಾತನ್ನು ಇಲ್ಲಿ ತುಸು ವಿಸ್ತರಿಸಬೇಕು. ಆಕೆಯ ವಚನವೊಂದು ರಾಟೆಯ ಅಡಿಯ ಹಲಗೆ, ತೋರಣ, ಬೊಂಬೆ, ಕದಿರು ಎಂದು ಒಂದೊಂದೇ ಅಂಗವನ್ನು ಹೆಸರಿಸಿ ಅದಕ್ಕೆ ಆಧ್ಯಾತ್ಮಿಕಾರ್ಥವನ್ನು ಹೊಂದಿಸುತ್ತದೆ. ಕದಿರೆಂದರೆ ನೇಸರ ಕಿರಣವೆಂದು ಮಾತ್ರ ಬಲ್ಲ ವಿದ್ಯಾರ್ಥಿಗೆ ಈ ವಚನದ ಬಾಗಿಲೇ ತೆರೆಯದು. ನಿಘಂಟುವು ನೂಲು ಸುತ್ತುವ ಕಡ್ಡಿಯೆಂದು ಅರ್ಥವನ್ನು ಕೊಟ್ಟೀತು. ನೂಲು ತುಂಬಿದ ಕದಿರಿನ ಭಾರವನ್ನು ಕೊಡಲಾರದು. ಪುಣೆಯಲ್ಲಿ ದಿನಕರ ಕೇಳಕರರು ದೀಪ, ಅಡಕತ್ತರಿ ಮೊದಲಾದ ಗೃಹವಸ್ತುಗಳನ್ನು ಕೂಡಿಸಿ ಅಗಲಿದ ಮಗ ರಾಜಾನ ಹೆಸರಿನಲ್ಲಿ ಕಟ್ಟಿದ ವಸ್ತುಸಂಗ್ರಹಾಲಯವೂ, ರಾಮನಗರದಲ್ಲಿ ಎಚ್. ಎಲ್. ನಾಗೇಗೌಡರು ನಿಲ್ಲಿಸಿದ ಜಾನಪದ ಲೋಕವೂ ಉಪಕಾರಸ್ಮರಣೆಗೆ ಯೋಗ್ಯವಾದವು. ಅವಿಲ್ಲದಿದ್ದರೆ ಎಷ್ಟೋ ವಸ್ತುಗಳು ಒಲೆಗೂ ಕುಲುಮೆಗೂ ಆಹುತಿಯಾಗುತ್ತಿದ್ದವು. ಆದರೂ ಗಾಜಿನ ಹಿಂದೆ ವಸ್ತುವಿನ ನಾಮಪದವು ಉಳಿಯುತ್ತದೆ, ಕ್ರಿಯಾಪದವು ಉಳಿಯುವುದಿಲ್ಲ. ಕೇರುವುದು, ತಳಿಸುವುದು, ಹಂಜಿ ಮಾಡುವುದು ಎಂಬಿವು ಕೈಯಲ್ಲಿ ಬಾಳಿದ ಮಾತುಗಳು.

ವಸ್ತುವು ಬಳಕೆಯಲ್ಲಿದ್ದರೆ ಅದರ ಬೆನ್ನಿಗಿರುವ ಕಸಬೂ ಬದುಕುತ್ತದೆ. ಹಳೆಯ ಹಿತ್ತಾಳೆಯ ಪಾತ್ರೆಯಲ್ಲಿ ಹುಳಿ ಪದಾರ್ಥವನ್ನು ಬೇಯಿಸಬೇಕಾದರೆ ಕಲಾಯಿ ಅವಶ್ಯ. ಇಲ್ಲವಾದರೆ ಅಡಿಗೆಯು ಕಿಲುಬಿ ಕೆಡುವುದಲ್ಲದೆ ಆರೋಗ್ಯಕ್ಕೂ ಹಾನಿ. ಕಲಾಯಿಯವನು ಪಾತ್ರೆಯನ್ನು ಕಾಯಿಸಿ, ನವಸಾಗರದ ಪುಡಿಯಿಂದ ಒಳಮೈಯನ್ನು ಶುಚಿಮಾಡಿ, 232 ಡಿಗ್ರಿ ಉಷ್ಣಕ್ಕೆ ಕರಗುವ ತವರವನ್ನು ಬಟ್ಟೆಯಿಂದ ಸವರುತ್ತಾನೆ. ಪಾತ್ರೆಯನ್ನು ಪಡಸಾಲೆಯ ಅಲಂಕಾರಕ್ಕಿಟ್ಟವನಿಗೆ ಈತನ ಹಂಗಿಲ್ಲ. ಅದರಲ್ಲಿ ಸಾರು ಕಾಯಿಸುವವನಿಗೆ ಈತನು ಬಾರದೆ ಗತಿಯಿಲ್ಲ.

ಕವುದಿಯದು ಇನ್ನೂ ಸ್ವಾರಸ್ಯವಾದ ಸಂಗತಿ. ಅದು ತಾನೇ ಒಂದು ಸಂಗ್ರಹ. ಉತ್ತರಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡಗಳಲ್ಲಿ ನೆಲೆಸಿರುವ, ಆಫ್ರಿಕಾಮೂಲದ ಸಿದ್ದಿ ಜನಾಂಗದ ಹೆಂಗಸರು ಮನೆಯವರು ಉಟ್ಟು ಸವೆಸಿದ ಬಟ್ಟೆಗಳನ್ನು ಕೂಡಿಟ್ಟು, ಅಂಚಿನಿಂದ ಹೊರಟು ಸುತ್ತುಸುತ್ತಾಗಿ ನಡುವಿನವರೆಗೆ ಹೊಲಿಗೆಯನ್ನು ನಡೆಸುತ್ತಾರೆ. ನಾಲ್ಕು ಮೂಲೆಗಳಲ್ಲಿ ಬಟ್ಟೆಯನ್ನು ಮುಕ್ಕೋಣವಾಗಿ ಮಡಿಸಿ ಇಟ್ಟ ತುಂಡುಗಳಿಗೆ ಫೂಲವೆಂದು ಹೆಸರು. ಫೂಲವಿಲ್ಲದ ಕವುದಿಯು ಬತ್ತಲೆಯೆಂದು ಅವರ ಭಾವನೆ. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ ಈ ಜನರ ಕವುದಿಗಳು ಈಗ ದೂರದೇಶದ ಪ್ರದರ್ಶನಾಲಯಗಳ ಗೋಡೆಯನ್ನೇರಿವೆ. ಅದು ಗೌರವವೇ ಹೌದು. ಆದರೆ ಕವುದಿಯು ಹೊದೆಯಲಿಕ್ಕೆಂದು ಹುಟ್ಟಿದುದು, ಹೊದೆದು ಹರಿದಮೇಲೆ ಮತ್ತೊಂದು ಕವುದಿಯ ಒಳಪದರವಾಗತಕ್ಕದ್ದು.

ಹೊಲಿಗೆಯ ಯಂತ್ರಗಳ ವಿಷಯದಲ್ಲಿ ಬಳಸುವ ಸಂಗ್ರಾಹಕನ ವಿವೇಕವು ಇನ್ನೊಂದು ಬಗೆಯದು. ಐಸಾಕ್ ಸಿಂಗರನು 1851ರಲ್ಲಿ ಯಂತ್ರದ ಹಕ್ಕುಪತ್ರವನ್ನು ಪಡೆದನು. ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕಿನಲ್ಲಿ ಆತನ ಸಂಸ್ಥೆಯ ಕಾರ್ಖಾನೆಯು 1885ರಿಂದ 1980ರವರೆಗೆ ನಡೆಯಿತು. ಕಾರ್ಖಾನೆಯು ಮುಚ್ಚಿದರೂ ಅಲ್ಲಿಯ ಯಂತ್ರಗಳು ಎಣ್ಣೆ ಕಂಡರೆ ಇಂದಿಗೂ ಓಡುತ್ತವೆ. ಅಂದಗಾರಿಕೆಗೆ ಮರುಳಾದವನು ಬಂಗಾರದ ಬಣ್ಣದ ಬಳ್ಳಿಚಿತ್ರವನ್ನು ನೋಡಿ ಕೊಳ್ಳುತ್ತಾನೆ. ಹೊಲಿಯಬೇಕೆಂಬವನು ಮೊದಲು ಸೂಜಿಯನ್ನು ವಿಚಾರಿಸುತ್ತಾನೆ. ಮಗ್ಗದ ಲಾಳಿಯನ್ನು ನೆನಪಿಗೆ ತರುವ ಉದ್ದನೆಯ ಲಾಳಿಯುಳ್ಳ 27, 28ನೆಯ ಮಾದರಿಗಳಿಗೆ ಇಂದಿನ ಅಂಗಡಿಯ ಸಾಮಾನ್ಯ ಸೂಜಿಯೇ ಒಗ್ಗುತ್ತದೆ. 1865ರಲ್ಲಿ ಹೊರಟ 12ನೆಯ ಮಾದರಿಯ ಸೂಜಿಯು ಬೇರೆ ಜಾತಿಯದು. ಪೇಟೆಯಲ್ಲಿ ಅದು ಸುಲಭವಾಗಿ ಸಿಕ್ಕುವುದಿಲ್ಲ. ಅಂತಹ ಯಂತ್ರವನ್ನು ಕೊಳ್ಳುವವರು ಅದರ ಮರದ ಪೆಟ್ಟಿಗೆಯ ಒಳಖಾನೆಯನ್ನು ತೆರೆದು, ಹಿಂದಿನವರು ಬಿಟ್ಟುಹೋದ ಸೂಜಿಗಳು ಎಷ್ಟಿವೆಯೆಂದು ಎಣಿಸಿದ ಮೇಲೆಯೇ ಬೆಲೆಯ ಮಾತನ್ನು ಎತ್ತುವುದು ಲೇಸು.