ಪುನರಾರಂಭದ ಕೀಲಿಗಳು: ಒಂದು ಸಂಕೇತದ ಅರ್ಥಪಲ್ಲಟ

ಆಚರಣೆಯೊಂದರ ರೂಪವು ಉಳಿದುಕೊಂಡು ಅದರ ಅರ್ಥವು ಬೇರೆಯಾಗುವುದು ಚರಿತ್ರೆಯಲ್ಲಿ ಅಪರೂಪವೇನಲ್ಲ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ದಸರೆಯು ರಾಜ್ಯಾಧಿಕಾರದ ಪ್ರಕಟಣೆಯಾಗಿತ್ತು. 1799ರಲ್ಲಿ ರಾಜಧಾನಿಯು ಮೈಸೂರಿಗೆ ಹೋಯಿತು. ಇಂದು ಶ್ರೀರಂಗಪಟ್ಟಣದ ದಸರಾ ಮೆರವಣಿಗೆಯು ಕಿರಂಗೂರಿನ ಬನ್ನಿಮಂಟಪದಿಂದ ಹೊರಡುವಾಗ ಅದರ ಹೊಣೆ ಹೊತ್ತಿರುವುದು ಅರಸನಲ್ಲ, ಸರ್ಕಾರದ ಆಡಳಿತ. ಮೆರವಣಿಗೆಯೆಂಬ ರೂಪವು ಹಳೆಯದು. ಅದರ ಹಿಂದಿನ ಅಧಿಕಾರವು ಹೊಸದು. ಇಂಥದೇ ಪಲ್ಲಟವೊಂದು ನಮ್ಮ ಕಣ್ಣೆದುರಿಗೇ, ಕೆಲವೇ ದಶಕಗಳಲ್ಲಿ, ಗಣಕಯಂತ್ರದ ಕೀಲಿಮಣೆಯ ಮೇಲೆ ನಡೆದುಹೋಗಿದೆ. ಯಂತ್ರವನ್ನು ಪುನರಾರಂಭಿಸುವ ಕೀಲಿಗಳ ಚರಿತ್ರೆಯನ್ನು ಈ ದೃಷ್ಟಿಯಿಂದ ಇಲ್ಲಿ ಪರಿಶೀಲಿಸುತ್ತೇವೆ.

1977ರಲ್ಲಿ ಮಾರುಕಟ್ಟೆಗೆ ಬಂದ ಆಪಲ್ ಟು ಯಂತ್ರದಲ್ಲಿ ಈ ಕಾರ್ಯಕ್ಕೆ ‘ರೀಸೆಟ್’ ಎಂಬ ಒಂದೇ ಕೀಲಿಯಿತ್ತು. ಅದನ್ನು ಪದೇ ಪದೇ ಬಳಸುವ ‘ರಿಟರ್ನ್’ ಕೀಲಿಯ ಮೇಲ್ಭಾಗದಲ್ಲಿಯೇ ಇರಿಸಿದ್ದರಿಂದ, ಬೆರಳು ಸ್ವಲ್ಪ ಜಾರಿದರೂ ನಡೆಯುತ್ತಿದ್ದ ಕೆಲಸವು ನಿಂತುಹೋಗುತ್ತಿತ್ತು. ಈ ಕಾರಣದಿಂದ ಅನಂತರದ ಮಾದರಿಗಳಲ್ಲಿ ‘ಕಂಟ್ರೋಲ್’ ಕೀಲಿಯನ್ನೂ ಜೊತೆಗೆ ಒತ್ತಬೇಕೆಂಬ ಏರ್ಪಾಟು ಬಂದಿತು. ಅಪಾಯಕರವಾದ ಕೀಲಿಯನ್ನು ಒಂಟಿಯಾಗಿ ಬಿಡಲಾಗದೆಂಬ ತಿಳಿವಳಿಕೆಯು ಹೀಗೆ ಅನುಭವದಿಂದಲೇ ಮೂಡಿತು.

1981ರ ಆಗಸ್ಟ್ 12ರಂದು ಐಬಿಎಂ ಸಂಸ್ಥೆಯು ತನ್ನ ಪರ್ಸನಲ್ ಕಂಪ್ಯೂಟರನ್ನು ಪ್ರಕಟಿಸಿತು. ಅಮೆರಿಕದ ಫ್ಲಾರಿಡಾ ಸಂಸ್ಥಾನದ ಬೋಕಾ ರಟೋನಿನಲ್ಲಿ ಅದನ್ನು ರೂಪಿಸಿದ ತಂಡದಲ್ಲಿ ಡೇವಿಡ್ ಬ್ರಾಡ್ಲಿ ಎಂಬ ಎಂಜಿನಿಯರರಿದ್ದರು. ಪರೀಕ್ಷೆಯ ವೇಳೆ ಯಂತ್ರವು ಸ್ತಬ್ಧವಾದಾಗಲೆಲ್ಲ ವಿದ್ಯುತ್ತನ್ನು ಆರಿಸಿ ಮತ್ತೆ ಹಾಕಬೇಕಾಗುತ್ತಿತ್ತು; ಆಗ ಸ್ಮೃತಿಕೋಶದ ಪರೀಕ್ಷೆಯೆಲ್ಲ ಮೊದಲಿಂದ ನಡೆದು ಕಾಲವು ವ್ಯರ್ಥವಾಗುತ್ತಿತ್ತು. ಇದರ ಪರಿಹಾರಕ್ಕಾಗಿ ಬ್ರಾಡ್ಲಿಯವರು ಮೊದಲು ಕಂಟ್ರೋಲ್, ಆಲ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳ ಕೂಟವನ್ನು ಯೋಜಿಸಿದರು. ಆದರೆ ಮೂರೂ ಎಡಬದಿಯಲ್ಲಿದ್ದುದರಿಂದ ಎಡಗೈಯೊಂದರ ಆಕಸ್ಮಿಕ ಸ್ಪರ್ಶವೇ ಅನರ್ಥಕ್ಕೆ ಸಾಕಾಗುತ್ತಿತ್ತು. ಆದ್ದರಿಂದ ಎಸ್ಕೇಪಿನ ಸ್ಥಾನಕ್ಕೆ ಬಲಬದಿಯ ‘ಡಿಲೀಟ್’ ಬಂದಿತು. ಆ 83 ಕೀಲಿಗಳ ಮಣೆಯಲ್ಲಿ ಎರಡು ಕೈಗಳನ್ನೂ ಬಳಸದೆ ಈ ಕೂಟವನ್ನು ಒತ್ತುವುದು ಕಷ್ಟವಾಗಿತ್ತು. ಹಾಗಿದ್ದುದು ಉದ್ದೇಶಪೂರ್ವಕವಾಗಿಯೇ.

ಅದರ ಕಾರ್ಯವಿಧಾನವು ಸರಳವಾದುದು. ಯಂತ್ರದ ಮೂಲದಲ್ಲಿ ಅಚ್ಚೊತ್ತಿದ್ದ ಬಯಾಸ್ ಎಂಬ ನಿರ್ದೇಶಮಾಲೆಯು ಮೂರು ಕೀಲಿಗಳನ್ನು ಒಟ್ಟಿಗೆ ಕಂಡೊಡನೆ ಸ್ಮೃತಿಯ ಗೊತ್ತಾದ ಸ್ಥಾನವೊಂದರಲ್ಲಿ ಒಂದು ಗುರುತನ್ನು ಬರೆದು, ಆರಂಭದ ಹಂತಕ್ಕೆ ಜಿಗಿಯುತ್ತಿತ್ತು. ಆ ಗುರುತು ಇದ್ದರೆ ಸ್ಮೃತಿಪರೀಕ್ಷೆಯನ್ನು ಬಿಡಲಾಗುತ್ತಿತ್ತು. ಅರ್ಧ ಬರೆದ ಪತ್ರವಿದೆಯೇ, ಲೆಕ್ಕವು ಮುಗಿದಿದೆಯೇ ಎಂದು ಯಂತ್ರವು ಕೇಳುತ್ತಿರಲಿಲ್ಲ. ತಯಾರಕರ ಅನುಕೂಲಕ್ಕಾಗಿ ಹುಟ್ಟಿದ ಈ ಕೂಟವು ಬಳಕೆದಾರರ ಕೈಗೆ ಬಂದಾಗಲೂ ಅದು ಪ್ರಶ್ನೆಯಿಲ್ಲದೆ ನೆರವೇರುವ ಅಪ್ಪಣೆಯಾಗಿಯೇ ಇತ್ತು.

ಮುಂದಿನ ದಶಕದಲ್ಲಿ ಈ ಸ್ಥಿತಿಯು ಬದಲಾಯಿತು. ಒಂದೇ ಯಂತ್ರದಲ್ಲಿ ಹಲವು ಪ್ರೋಗ್ರಾಮುಗಳು ಒಟ್ಟಿಗೆ ನಡೆಯತೊಡಗಿದವು. ಡಿಸ್ಕಿಗೆ ಬರೆಯಬೇಕಾದುದನ್ನು ಸ್ವಲ್ಪ ಕಾಲ ಸ್ಮೃತಿಯಲ್ಲಿಯೇ ಇರಿಸಿಕೊಳ್ಳುವ ಪದ್ಧತಿಯೂ ಬೆಳೆಯಿತು. ಹೀಗಿರಲು ಹಠಾತ್ ಪುನರಾರಂಭದಿಂದ ಆಗುವ ನಷ್ಟವು ಮೊದಲಿಗಿಂತ ಹೆಚ್ಚಿತು. 1992ರ ವಿಂಡೋಸ್ 3.1ರಲ್ಲಿ ಅದೇ ಕೂಟವನ್ನು ಒತ್ತಿದರೆ ನೀಲಿ ತೆರೆಯೊಂದು ಮೂಡಿ, ಹಿಂದಿರುಗಬೇಕೆ, ಕೆಟ್ಟ ಪ್ರೋಗ್ರಾಮನ್ನು ಮಾತ್ರ ಮುಚ್ಚಬೇಕೆ, ಯಂತ್ರವನ್ನೇ ಪುನರಾರಂಭಿಸಬೇಕೆ ಎಂದು ವಿಚಾರಿಸುತ್ತಿತ್ತು. 1995ರ ವಿಂಡೋಸ್‌ನಲ್ಲಿ ನಡೆಯುತ್ತಿದ್ದ ಪ್ರೋಗ್ರಾಮುಗಳ ಪಟ್ಟಿಯೇ ಎದುರಿಗೆ ಬಂದಿತು. ಪುನರಾರಂಭಕ್ಕೆ ಎರಡನೆಯ ಸಲ ಒತ್ತಬೇಕಾಯಿತು.

ಇದಕ್ಕಿಂತಲೂ ವಿಲಕ್ಷಣವಾದುದು 1993ರ ವಿಂಡೋಸ್ ಎನ್‌ಟಿಯಲ್ಲಿ ಆದ ಮಾರ್ಪಾಡು. ಅಲ್ಲಿ ಈ ಕೂಟವು ಯಂತ್ರವನ್ನು ಪ್ರವೇಶಿಸುವ ಬಾಗಿಲಾಯಿತು. ಸಾಮಾನ್ಯ ಪ್ರೋಗ್ರಾಮು ಯಾವುದೂ ಈ ಮೂರು ಕೀಲಿಗಳನ್ನು ನಡುವೆ ತಡೆದು ತನ್ನದಾಗಿಸಿಕೊಳ್ಳಲಾರದು. ಆದಕಾರಣ ಇವನ್ನು ಒತ್ತಿದ ಬಳಿಕ ಕಾಣುವ ಪ್ರವೇಶದ ತೆರೆಯು ವಂಚಕನು ಕಟ್ಟಿದ ಸೋಗಲ್ಲವೆಂಬ ಭರವಸೆ ದೊರೆಯುತ್ತಿತ್ತು. ಕೆಲಸವನ್ನು ಅಳಿಸುತ್ತಿದ್ದ ಕೂಟವೇ ಕೆಲಸದ ಕಾವಲಿಗೆ ನಿಂತಿತು. ಅದಕ್ಕಾಗಿ ಒಂದೇ ಗುಂಡಿಯಿದ್ದಿದ್ದರೆ ಲೇಸಾಗಿತ್ತೆಂದು ಬಿಲ್ ಗೇಟ್ಸರು 2013ರಲ್ಲಿ ಒಪ್ಪಿಕೊಂಡರು.

ಲಿನಕ್ಸ್ ಯಂತ್ರಗಳಲ್ಲಿ ಇದೇ ಚಿಂತೆಯು ಬೇರೊಂದು ದಾರಿ ಹಿಡಿಯಿತು. ಅಲ್ಲಿ ಯಂತ್ರವು ಸ್ತಬ್ಧವಾದಾಗ ಆಲ್ಟ್ ಮತ್ತು ಸಿಸ್‌ರಿಕ್ವೆಸ್ಟ್ ಕೀಲಿಗಳೊಡನೆ ಬೇರೆ ಬೇರೆ ಅಕ್ಷರಗಳನ್ನು ಕ್ರಮವಾಗಿ ಒತ್ತುವ ರೂಢಿಯುಂಟು. ‘ಎಸ್’ ಎಂಬುದು ಸ್ಮೃತಿಯಲ್ಲಿ ಉಳಿದುದನ್ನು ಡಿಸ್ಕಿಗೆ ಬರೆಯಿಸುತ್ತದೆ; ‘ಯು’ ಎಂಬುದು ಡಿಸ್ಕಿನ ಮೇಲೆ ಮುಂದೆ ಬರೆಯದಂತೆ ತಡೆಯುತ್ತದೆ; ‘ಬಿ’ ಎಂಬುದು ಕೊನೆಗೆ ಪುನರಾರಂಭಿಸುತ್ತದೆ. ಒಂದು ಏಟಿನ ಅಪ್ಪಣೆಯು ಇಲ್ಲಿ ಹಂತಹಂತವಾದ ವಿಧಿಯಾಗಿದೆ.

ಇದೆಲ್ಲ ಯಂತ್ರಶಾಸ್ತ್ರಜ್ಞರ ಸಂಗತಿ, ನಮಗೇನು ಎಂದು ವಿದ್ಯಾರ್ಥಿಗಳು ಕೇಳಬಹುದು. ಕರ್ನಾಟಕ ಸರ್ಕಾರದ ‘ಭೂಮಿ’ ಯೋಜನೆಯು ಈ ಶತಮಾನದ ಆರಂಭದಲ್ಲಿ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿತು. ಕೈಬರಹದ ಪಹಣಿಯು ವ್ಯವಹಾರದಿಂದ ಮರೆಯಾಯಿತು. ಕಿರಂಗೂರಿನ ರೈತನ ಗದ್ದೆಯ ಹಕ್ಕೂ ಈಗ ಶ್ರೀರಂಗಪಟ್ಟಣ ತಾಲ್ಲೂಕಿನ ಗಣಕದಾಖಲೆಯಲ್ಲಿದೆ. ಶಾನುಭೋಗನು ಅರ್ಧ ಸಾಲು ಬರೆದು ಲೇಖನಿಯನ್ನು ಕೆಳಗಿಟ್ಟರೆ ಆ ಅರ್ಧ ಸಾಲು ಕಾಗದದ ಮೇಲೆ ಉಳಿಯುತ್ತಿತ್ತು. ಸ್ಮೃತಿಕೋಶದ ಅರ್ಧ ಸಾಲಾದರೋ ಪುನರಾರಂಭದೊಡನೆ ಕುರುಹಿಲ್ಲದೆ ಹೋಗುತ್ತದೆ. ಬದಲಾವಣೆಯೊಂದು ಪೂರ್ಣವಾಗಿ ಸೇರಬೇಕು, ಇಲ್ಲವೇ ಸೇರಲೇಬಾರದು ಎಂಬುದು ದತ್ತಸಂಚಯಗಳ ಮೂಲನಿಯಮವಾದುದಕ್ಕೆ ಇಂಥ ಭಯವೂ ಒಂದು ಕಾರಣ. ಯಂತ್ರವು ನಿಲ್ಲುವ ರೀತಿಯು ದಾಖಲೆಯು ಉಳಿಯುವ ರೀತಿಯೂ ಹೌದು.

ಹಳೆಯ ಅಪ್ಪಣೆಯು ಸಂಪೂರ್ಣವಾಗಿ ಅಳಿದಿದೆಯೆಂದು ಹೇಳುವಂತಿಲ್ಲ. ಇಂದಿನ ವಿಂಡೋಸ್‌ನಲ್ಲಿ ಮೂರು ಕೀಲಿಗಳ ತೆರೆಯು ಬಂದಾಗ ಕಂಟ್ರೋಲನ್ನು ಹಿಡಿದು ವಿದ್ಯುತ್ತಿನ ಚಿಹ್ನೆಯನ್ನು ಒತ್ತಿದರೆ ತುರ್ತು ಪುನರಾರಂಭವು ದೊರೆಯುತ್ತದೆ. ಹಲವು ಲಿನಕ್ಸ್ ಯಂತ್ರಗಳಲ್ಲಿ ಅದೇ ಕೂಟವನ್ನು 2 ಸೆಕೆಂಡುಗಳೊಳಗೆ 7ಕ್ಕಿಂತ ಹೆಚ್ಚು ಸಲ ಒತ್ತಿದರೆ ಯಂತ್ರವು ಕಾಯದೆ ಪುನರಾರಂಭವಾಗುತ್ತದೆ. ಅಧಿಕಾರವು ಬಳಕೆದಾರನ ಕೈಯಲ್ಲಿಯೇ ಇದೆ; ಆದರೆ ಅದನ್ನು ಚಲಾಯಿಸಲು ಒತ್ತಾಯಿಸಿ ಕೇಳಬೇಕಾಗಿದೆ.

ಇದರಿಂದ ಚರಿತ್ರೆಯ ಅಭ್ಯಾಸಿಗೆ ಒಂದು ಎಚ್ಚರಿಕೆಯು ದೊರೆಯುತ್ತದೆ. 1983ರ ಕೈಪಿಡಿಯಲ್ಲಿಯೂ 2003ರ ಕಚೇರಿಯ ಸೂಚನೆಯಲ್ಲಿಯೂ ಇದೇ ಮೂರು ಕೀಲಿಗಳ ಹೆಸರು ಬರಬಹುದು. ಮೊದಲನೆಯದು ಕೆಲಸವನ್ನು ಬಿಟ್ಟೇಳುವ ಸೂಚನೆ. ಎರಡನೆಯದು ಕೆಲಸಕ್ಕೆ ಕೂಡುವ ಸೂಚನೆ ಆಗಿರಬಹುದು. ಶಾಸನದ ಶಬ್ದಕ್ಕೆ ಇಂದಿನ ಅರ್ಥವನ್ನು ಹಚ್ಚಬಾರದೆಂದು ನಾವು ವಿದ್ಯಾರ್ಥಿಗಳಿಗೆ ಹೇಳುತ್ತೇವೆ. ನಮ್ಮ ಬೆರಳುಗಳೇ ಬಲ್ಲ ಈ ಸಂಕೇತಕ್ಕೂ ಆ ನಿಯಮವು ಅನ್ವಯಿಸುತ್ತದೆ.